ಎಲೆ, ದಾರ, ಅಂಟಕ್ಕಿ: ಜೊಂಗ್‌ಜಿ ಬೇಯುವ ಬಗೆ

ಚೀನೀ ಪಂಚಾಂಗದ ಐದನೇ ತಿಂಗಳ ಐದನೇ ದಿನ ದುವಾನ್‌ವೂ ಹಬ್ಬ. ಅದು ಮೇ ಕೊನೆಗೋ ಜೂನ್‌ನಲ್ಲೋ ಬೀಳುತ್ತದೆ. 2026ರಲ್ಲಿ ಜೂನ್ 19ಕ್ಕೆ. ಅಂದು ನದಿಗಳಲ್ಲಿ ಡ್ರ್ಯಾಗನ್ ಮೂತಿಯ ಉದ್ದನೆಯ ದೋಣಿಗಳು ಪಂದ್ಯಕ್ಕಿಳಿಯುತ್ತವೆ, ಮನೆಗಳಲ್ಲಿ ಜೊಂಗ್‌ಜಿ ಬೇಯುತ್ತದೆ. ಅಂಟಕ್ಕಿಯನ್ನು ಎಲೆಯಲ್ಲಿ ಕಟ್ಟಿ, ದಾರ ಬಿಗಿದು, ಗಂಟೆಗಟ್ಟಲೆ ಕುದಿಸಿದ ತಿನಿಸು ಅದು. ಎಲೆಯ ಘಮ ಒಳಗಿನ ಹೂರಣಕ್ಕೆ ಹೇಗೆ ಇಳಿಯುತ್ತದೆಂದು ಕೊಟ್ಟೆ ಕಡುಬು ತಿಂದವರಿಗೆ ಹೇಳಬೇಕಿಲ್ಲ. ಆದರೆ ಕಡುಬು ಹಬೆಯಲ್ಲಿ ಬೆಂದರೆ, ಜೊಂಗ್‌ಜಿ ಹೆಚ್ಚಾಗಿ ನೀರಿನಲ್ಲಿ ಪೂರ್ತಿ ಮುಳುಗಿ ಬೇಯುತ್ತದೆ. ಅದಕ್ಕೇ ಇಲ್ಲಿ ಎಲೆ ಮತ್ತು ಗಂಟಿನ ಮೇಲೆ ಇಷ್ಟೊಂದು ಹೊಣೆ.

ಹಬ್ಬದ ಹಿಂದಿನ ಕಥೆ ಚೀನಾದ ಮಕ್ಕಳಿಗೂ ಗೊತ್ತು. ಚು ರಾಜ್ಯದ ಕವಿ, ಮಂತ್ರಿ ಚೂ ಯುವಾನ್ ಆಸ್ಥಾನದಿಂದ ಗಡಿಪಾರಾಗಿದ್ದ. ಕ್ರಿ.ಪೂ. 278ರಲ್ಲಿ ರಾಜಧಾನಿ ಚಿನ್ ರಾಜ್ಯದ ಸೇನೆಯ ಕೈಸೇರಿತು. ಆತ ಈಗಿನ ಹುನಾನ್ ಪ್ರಾಂತ್ಯದ ಮಿಲುವೊ ನದಿಗೆ ಹಾರಿ ಪ್ರಾಣಬಿಟ್ಟನೆಂದು ಪ್ರತೀತಿ. ಜನ ದೋಣಿಯಲ್ಲಿ ಹುಡುಕಿದರು, ನದಿಗೆ ಅಕ್ಕಿ ಎರಚಿದರು ಎನ್ನುವುದು ಎಲ್ಲರೂ ಹೇಳುವ ಭಾಗ. ಆರನೇ ಶತಮಾನದ ಒಂದು ಕಥಾಸಂಗ್ರಹ ಇದಕ್ಕೆ ಸೊಗಸಾದ ಮುಂದುವರಿಕೆ ಕೊಡುತ್ತದೆ. ಜನ ಬಿದಿರಿನ ಕೊಳವೆಯಲ್ಲಿ ಅಕ್ಕಿ ತುಂಬಿ ನೀರಿಗೆ ಹಾಕುತ್ತಿದ್ದರಂತೆ. ಕವಿಯ ಆತ್ಮ ಚಾಂಗ್‌ಶಾ ಊರಿನವನೊಬ್ಬನಿಗೆ ಕಾಣಿಸಿಕೊಂಡು, ನೀವು ಕೊಟ್ಟದ್ದನ್ನೆಲ್ಲ ನೀರಿನ ಡ್ರ್ಯಾಗನ್ ಕದಿಯುತ್ತಿದೆ, ಇನ್ನು ಮುಂದೆ ಎಲೆ ಮುಚ್ಚಿ ಐದು ಬಣ್ಣದ ರೇಷ್ಮೆ ದಾರ ಸುತ್ತಿ, ಆ ಎರಡಕ್ಕೂ ಅದು ಹೆದರುತ್ತದೆ ಎಂದಿತಂತೆ. ಆ ಎಲೆ ಬೇವಿನ ಕುಟುಂಬದ್ದೇ ಒಂದು ಮರದ್ದು. ಕಥೆಯಲ್ಲೂ ಅಕ್ಕಿಯನ್ನು ಕಾಯುವುದು ಎಲೆ ಮತ್ತು ದಾರವೇ ಎಂಬುದು ನನಗೆ ಬಹಳ ಇಷ್ಟ.

ಕಥೆ ಎಲ್ಲ ಕಡೆಯೂ ಒಂದೇ ಅಲ್ಲ. ಸುಜೌ ಕಡೆ ಇದೇ ದಿನ ವೂ ಜಿಷು ಎಂಬ ಹಳೆಯ ಮಂತ್ರಿಯನ್ನು ನೆನೆಯುತ್ತಾರೆ. ಮೂರನೇ ಶತಮಾನದ ಚೌ ಚು ಎಂಬ ಅಧಿಕಾರಿ ತನ್ನ ಸೀಮೆಯ ಆಚರಣೆಗಳನ್ನು ಬರೆದಿಡುವಾಗ, ಅಂಟುಗುಣದ ಬರಗನ್ನು ನೀರಿನಲ್ಲಿ ಬೆಳೆಯುವ ಕಾಡುಭತ್ತದ ಎಲೆಯಲ್ಲಿ ಸುತ್ತಿ ದಟ್ಟ ಬೂದಿನೀರಿನಲ್ಲಿ ಬೇಯಿಸುತ್ತಾರೆ, ಐದನೇ ತಿಂಗಳ ಹಬ್ಬಕ್ಕೂ ಬೇಸಿಗೆಯ ದೀರ್ಘ ಹಗಲಿನ ದಿನಕ್ಕೂ ತಿನ್ನುತ್ತಾರೆ ಎಂದ. ಐದನೇ ತಿಂಗಳೆಂದರೆ ಸೆಕೆ, ಹುಳಹುಪ್ಪಟೆ, ರೋಗರುಜಿನದ ಕಾಲ. ಇಂದಿಗೂ ಅಂದು ಬಾಗಿಲಿಗೆ ಬಜೆಯ ಎಲೆ, ಮಾಚಿಪತ್ರೆ ಜಾತಿಯ ಗಿಡ ಕಟ್ಟುತ್ತಾರೆ. ಈ ತಿನಿಸಿಗೆ ಋತುವಿನ ನಂಟು ಕವಿಯ ಕಥೆಯಷ್ಟೇ ಗಟ್ಟಿ ಎಂದೇ ನನ್ನ ಎಣಿಕೆ.

ಈಗ ಕಟ್ಟುವ ಕೆಲಸಕ್ಕೆ ಬರೋಣ. ಹೆಚ್ಚಿನ ಕಡೆ ಬಳಸುವುದು ಅಗಲ ಎಲೆಯ ಒಂದು ಬಗೆಯ ಕುಳ್ಳ ಬಿದಿರು. ಉತ್ತರದಲ್ಲಿ ಲಾಳದ ಜಾತಿಯ ಜೊಂಡುಹುಲ್ಲಿನ ಎಲೆಯೂ ಉಂಟು. ಒಣ ಎಲೆಯನ್ನು ನೆನೆಸಿ, ಕುದಿಸಿ, ಎರಡೂ ಬದಿ ಉಜ್ಜಿ ತೊಳೆಯಬೇಕು. ಇಲ್ಲದಿದ್ದರೆ ಮಡಚುವಾಗಲೇ ಸೀಳುತ್ತದೆ. ಎರಡು ಎಲೆಯನ್ನು ಒಂದರ ಮೇಲೊಂದು ಅರ್ಧ ಜೋಡಿಸಿ, ನಡುವೆ ತಿರುಚಿ ಶಂಕುವಿನಾಕಾರಕ್ಕೆ ತರಬೇಕು. ತುದಿಯಲ್ಲಿ ಸಂದು ಉಳಿದರೆ ಅಕ್ಕಿ ಅಲ್ಲಿಂದಲೇ ಸೋರುತ್ತದೆ. ನೆನೆದ ಅಕ್ಕಿ ಒಂದು ಪದರ, ಹೂರಣ, ಮತ್ತೆ ಅಕ್ಕಿ. ಉಳಿದ ಎಲೆಯನ್ನು ಬಾಯಿಯ ಮೇಲೆ ಮಗುಚಿ, ಎರಡೂ ಪಕ್ಕ ಹೆಬ್ಬೆರಳು ತೋರುಬೆರಳಲ್ಲಿ ಒತ್ತಿ ಹಿಡಿದು, ಬಾಲವನ್ನು ಒಂದು ಬದಿಗೆ ಮಡಚಿ ದಾರ ಸುತ್ತಬೇಕು. ಒಂದು ಕೈ ಪೊಟ್ಟಣ ಬಿಡುವಂತಿಲ್ಲವಾದ್ದರಿಂದ ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆಯುವವರೇ ಹೆಚ್ಚು. ಬೇರೆ ಬೇರೆ ಹೂರಣಕ್ಕೆ ಬೇರೆ ಬಣ್ಣದ ದಾರ ಕಟ್ಟಿದರೆ ಬೆಂದ ಮೇಲೆ ಗುರುತು ಸಿಗುತ್ತದೆ.

ಬಿಗಿ ಎಷ್ಟಿರಬೇಕು ಎಂಬುದರಲ್ಲೇ ಕಸುಬು ಇರುವುದು. ಸಾಮಾನ್ಯ ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್, ಅಮೈಲೋಪೆಕ್ಟಿನ್ ಎರಡೂ ಇರುತ್ತವೆ; ಅಂಟಕ್ಕಿಯಲ್ಲಿ ಇರುವುದು ಬಹುಪಾಲು ಅಮೈಲೋಪೆಕ್ಟಿನ್. ಬೆಂದ ಕಾಳುಗಳು ಉದುರುದುರಾಗದೆ ಒಂದಕ್ಕೊಂದು ಅಂಟಲು ಅದೇ ಕಾರಣ. ಉಬ್ಬುವ ಕಾಳು ಎಲೆಯ ಗೋಡೆಗೆ ತಾಗಿ, ಜಾಗವಿಲ್ಲದೆ ಪಕ್ಕದ್ದನ್ನು ಒತ್ತುತ್ತದೆ. ಹಾಗೆ ಗಟ್ಟಿ ಮುದ್ದೆಯಾಗುತ್ತದೆ. ಸಡಿಲವಾದರೆ ನೀರು ನುಗ್ಗಿ ಗಂಜಿ, ಅತಿ ಬಿಗಿಯಾದರೆ ನಡುವಿನ ಅಕ್ಕಿ ಉಬ್ಬಲಾಗದೆ ಹಸಿ. ಎರಡು ಮೂರು ಗಂಟೆ ಕುದಿಯುವಷ್ಟೂ ಹೊತ್ತು ಪೊಟ್ಟಣ ನೀರಿನಿಂದ ಮೇಲೇಳಬಾರದು, ಮೇಲೊಂದು ಭಾರ ಇಡುತ್ತಾರೆ. ನೀರು ಕಡಿಮೆಯಾದರೆ ಬಿಸಿನೀರೇ ಸೇರಿಸಬೇಕು.

ಹೂರಣದ ವಿಷಯದಲ್ಲಿ ಚೀನಾ ಎರಡು ಪಕ್ಷ. ಉತ್ತರದವರಿಗೆ ಸಿಹಿ: ಕೆಂಪು ಬೋರೆಹಣ್ಣು, ಕೆಂಪು ಬೀನ್ಸ್‌ನ ಹೂರಣ. ದಕ್ಷಿಣದವರಿಗೆ ಖಾರವಲ್ಲದ ಉಪ್ಪಿನ ರುಚಿ: ಹಂದಿಮಾಂಸ, ಉಪ್ಪಿನಲ್ಲಿಟ್ಟ ಬಾತುಮೊಟ್ಟೆಯ ಭಂಡಾರ, ಹೆಸರುಬೇಳೆ. ಚೆಜಿಯಾಂಗ್ ಪ್ರಾಂತ್ಯದ ಜಿಯಾಶಿಂಗ್ ಊರು ಮಾಂಸದ ಜೊಂಗ್‌ಜಿಗೇ ಹೆಸರಾಗಿದೆ. ಅಲ್ಲಿನ ವೂಫಾಂಗ್‌ಜಾಯ್ ಅಂಗಡಿ ಶುರುವಾದದ್ದು 1921ರಲ್ಲಿ. ಅಕ್ಕಿಗೆ ಮೊದಲೇ ಸೋಯಾ ಸಾಸ್ ಕಲಸಿರುತ್ತಾರೆ, ಮಾಂಸದ ಕೊಬ್ಬು ಕರಗಿ ಅದರೊಳಗೆ ಹಿಂಗುತ್ತದೆ. ತೈವಾನ್‌ನ ಉತ್ತರದಲ್ಲಿ ಅಕ್ಕಿಯನ್ನು ಮೊದಲೇ ಹುರಿದು ಅರೆಬೇಯಿಸಿ ಕಟ್ಟಿ ಹಬೆಗಿಡುತ್ತಾರೆ, ದಕ್ಷಿಣದಲ್ಲಿ ಹಸಿ ಅಕ್ಕಿಯನ್ನೇ ಕಟ್ಟಿ ಕುದಿಸುತ್ತಾರೆ. ಮಲೇಷ್ಯಾ, ಸಿಂಗಪುರದ ಪೆರನಾಕನ್ ಮನೆಗಳಲ್ಲಿ ಶಂಖಪುಷ್ಪದಿಂದ ಅಕ್ಕಿಗೆ ನೀಲಿ ಬಣ್ಣ ಬರಿಸಿ, ಒಳಗಿನ ಮಾಂಸಕ್ಕೆ ಕೊತ್ತಂಬರಿ ಬೀಜದ ಪುಡಿ ಬೆರೆಸುತ್ತಾರೆ.

ನನ್ನ ಮೆಚ್ಚುಗೆ ಮಾತ್ರ ಇವುಗಳ ಸದ್ದಿನಲ್ಲಿ ಮರೆಯಾಗುವ ಕ್ಷಾರದ ಜೊಂಗ್‌ಜಿಗೆ. ಒಳಗೆ ಬಹುಮಟ್ಟಿಗೆ ಬರೀ ಅಕ್ಕಿ. ಮೂರನೇ ಶತಮಾನದ ಬೂದಿನೀರಿನ ಜಾಗದಲ್ಲಿ ಈಗ ಪೊಟ್ಯಾಸಿಯಂ, ಸೋಡಿಯಂ ಕಾರ್ಬೊನೇಟ್‌ಗಳ ದ್ರಾವಣ ಬಂದಿದೆ, ಕೆಲಸ ಅದೇ. ಕ್ಷಾರ ತಾಗಿದ ಅಕ್ಕಿ ಹಳದಿಗೆ ತಿರುಗುತ್ತದೆ, ಕಾಳಿನ ಗಡಿ ಕರಗಿ ಅರೆಪಾರದರ್ಶಕ ಮುದ್ದೆಯಾಗುತ್ತದೆ, ಸೆಕೆಯಲ್ಲೂ ಬೇಗ ಹಳಸದು. ಇದು ಜಾಸ್ತಿ ಉಬ್ಬುವುದರಿಂದ ಸ್ವಲ್ಪ ಸಡಿಲ ಕಟ್ಟಬೇಕು. ತಣ್ಣಗಾದ ಮೇಲೆ ಸಕ್ಕರೆ ಪಾಕದಲ್ಲೋ ಜೇನಿನಲ್ಲೋ ಅದ್ದಿ ತಿನ್ನುತ್ತಾರೆ.

ಕೊಳ್ಳುವವರು ಎಲೆಯ ಬಣ್ಣ ನೋಡಬೇಕು. ಕುದಿದ ಎಲೆ ಮಂಕು ಹಸಿರು ಇಲ್ಲವೇ ಕಂದು ಆಗುವುದು ಸಹಜ. ಕಣ್ಣು ಕೋರೈಸುವ ಹಸಿರಿದ್ದರೆ ತಾಮ್ರದ ಲವಣ ಬಳಸಿರಬಹುದು ಎಂದು ಚೀನಾದ ಆಹಾರ ಅಧಿಕಾರಿಗಳೂ ಎಚ್ಚರಿಸಿದ್ದಾರೆ. ಎಲೆಯನ್ನು ತಿನ್ನುವುದಿಲ್ಲ, ಬಿಡಿಸಿ ಪಕ್ಕಕ್ಕಿಡುವುದು. ಜೊಂಗ್‌ಜಿ ಹೊಟ್ಟೆಗೆ ಭಾರ. ಮಕ್ಕಳಿಗೆ, ವಯಸ್ಸಾದವರಿಗೆ ಸಣ್ಣ ತುಂಡು ಸಾಕು. ಫ್ರಿಜ್‌ನಲ್ಲಿಟ್ಟರೆ ಪಿಷ್ಟ ಬಿರುಸಾಗುತ್ತದೆ. ಆಗ ಎಲೆ ಬಿಡಿಸದೆ ಹಾಗೇ ಮತ್ತೆ ಕುದಿಯುವ ನೀರಿಗೆ ಹಾಕಿ, ಒಳಗಿನವರೆಗೂ ಬಿಸಿಯಾಗುವ ತನಕ ಬಿಟ್ಟರೆ ಮೃದುತನ ಮರಳುತ್ತದೆ.