ದಾವಣಗೆರೆಯಲ್ಲಿ ಒಂದು ಮೋಲ್ ಅನಿಲದ ಗಾತ್ರ

ದಾವಣಗೆರೆಯ ಮಂಡಿಪೇಟೆಯಲ್ಲಿ ನಿಂತು ಒಂದೇ ಸೇರಿನಿಂದ ಮೊದಲು ರಾಗಿಯನ್ನೂ ಅನಂತರ ಈ ಊರಿಗೆ ಹೆಸರು ತಂದಿರುವ ಮಂಡಕ್ಕಿಯನ್ನೂ ಅಳೆದೆವೆಂದು ಭಾವಿಸೋಣ. ಗಾತ್ರ ಒಂದೇ ಆದರೂ ಕಾಳುಗಳ ಸಂಖ್ಯೆ ಒಂದೇ ಎಂದು ಯಾವ ವರ್ತಕನೂ ಒಪ್ಪಲಾರನು. ಅನಿಲಗಳಲ್ಲಿ ಮಾತ್ರ ಈ ಲೋಕಾನುಭವ ನಡೆಯುವುದಿಲ್ಲ. ಒಂದೇ ಉಷ್ಣತೆ ಮತ್ತು ಒತ್ತಡಗಳಲ್ಲಿರುವ ಸಮಗಾತ್ರದ ಅನಿಲಗಳಲ್ಲಿ, ಅವು ಯಾವುವೇ ಆಗಿರಲಿ, ಅಣುಗಳ ಸಂಖ್ಯೆ ಸಮವೆಂದು ಇಟಲಿಯ ಅವೊಗಾಡ್ರೋ 1811ರಲ್ಲಿ ಸೂಚಿಸಿದನು. ಅನಿಲಗಳು ಸರಳ ಗಾತ್ರಪ್ರಮಾಣಗಳಲ್ಲಿ ಸಂಯೋಗ ಹೊಂದುತ್ತವೆಂದು ಗೇ-ಲುಸಾಕ್ 1808ರಲ್ಲಿ ಪ್ರಕಟಿಸಿದ್ದುದಕ್ಕೆ ಇದರಿಂದ ಅರ್ಥ ದೊರೆಯಿತು. ಆದರೂ ಕನ್ನಿಝಾರೋ 1860ರ ಕಾರ್ಲ್ಸ್‌ರೂಹೆ ಸಮ್ಮೇಳನದಲ್ಲಿ ಅದನ್ನು ಎತ್ತಿ ಹಿಡಿಯುವವರೆಗೆ ವಿದ್ವಾಂಸರಲ್ಲಿ ಬಹುಮಂದಿ ಅದನ್ನು ಮನ್ನಿಸಲಿಲ್ಲ.

ಸೇರಿನಲ್ಲಿ ಕಾಳಿಗೆ ಕಾಳು ತಾಗಿರುತ್ತದೆ. ಅನಿಲದಲ್ಲಾದರೋ ಅಣುವಿನಿಂದ ಅಣುವಿಗಿರುವ ಸರಾಸರಿ ದೂರ, ಸಾಮಾನ್ಯ ಸ್ಥಿತಿಯಲ್ಲಿ, ಅಣುವಿನ ಅಡ್ಡಳತೆಯ ಸುಮಾರು ಹತ್ತು ಪಟ್ಟು. ಹೀಗಾಗಿ ಗಾತ್ರದ ಬಹುಭಾಗ ಬರಿಯ ಅವಕಾಶವೇ. ಮಂಡಕ್ಕಿ ಭಟ್ಟಿಯ ಕಾದ ಮರಳಿನಲ್ಲಿ ಅಕ್ಕಿಯೊಳಗಿನ ತೇವವು ಆವಿಯಾಗಿ ಕಾಳನ್ನು ಉಬ್ಬಿಸುವುದೂ ಇದರಿಂದಲೇ: ನೀರಿನ ಅಣುಗಳು ಹೆಚ್ಚಲಿಲ್ಲ, ಅವುಗಳ ನಡುವಣ ಅಂತರ ಹೆಚ್ಚಿತು. ಅಣುವಿನ ದಪ್ಪ ಹೀಗೆ ಲೆಕ್ಕಕ್ಕೆ ಬಾರದಾದಾಗ ಗಾತ್ರವನ್ನು ಗೊತ್ತುಮಾಡಲು ಮೂರೇ ಉಳಿಯುತ್ತವೆ: ಅಣುಗಳ ಸಂಖ್ಯೆ, ಉಷ್ಣತೆ, ಒತ್ತಡ. (ಅತಿ ಹೆಚ್ಚಿನ ಒತ್ತಡದಲ್ಲಿ ಈ ಮಾತು ಸಡಿಲವಾಗುತ್ತದೆ, ಅದನ್ನು ಇಲ್ಲಿ ಬಿಟ್ಟಿದ್ದೇವೆ.)

ಒಂದು ಮೋಲ್ ಎಂದರೆ 6.022 × 10²³ ಕಣಗಳು. ಅಷ್ಟು ಅಣುಗಳುಳ್ಳ ಅನಿಲದ ಗಾತ್ರ 22.4 ಲೀಟರೆಂದು ವಿದ್ಯಾರ್ಥಿಗಳೆಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಅದು 0° ಸೆಲ್ಸಿಯಸ್ ಉಷ್ಣತೆ ಹಾಗೂ 760 ಮಿಲಿಮೀಟರು ಪಾದರಸದ ಒತ್ತಡಕ್ಕೆ ಮಾತ್ರ ಸಲ್ಲುವ ಸಂಖ್ಯೆ. 1982ರಲ್ಲಿ ಅಂತರರಾಷ್ಟ್ರೀಯ ರಸಾಯನ ಒಕ್ಕೂಟವು ಪ್ರಮಾಣ ಒತ್ತಡವನ್ನು 1 ಬಾರ್‌ಗೆ ಇಳಿಸಿದ ಮೇಲೆ ಅದೂ 22.7 ಆಯಿತು. ನಮ್ಮ ಪ್ರಯೋಗಶಾಲೆ ಹಿಮದಲ್ಲಿಲ್ಲ, ಸಮುದ್ರತೀರದಲ್ಲಿಯೂ ಇಲ್ಲ. ದಾವಣಗೆರೆಯು ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರು ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ವಾಯುವಿನ ಒತ್ತಡ ಸುಮಾರು 707 ಮಿಲಿಮೀಟರು. ಕೋಣೆಯ ಉಷ್ಣತೆ 27° ಎಂದಿಟ್ಟುಕೊಂಡರೆ,

22.4 × (300 ÷ 273) × (760 ÷ 707) = 26.5 ಲೀಟರು.

ಪುಸ್ತಕದ ಸಂಖ್ಯೆಗಿಂತ ಇದು ಶೇಕಡ 18ರಷ್ಟು ಹೆಚ್ಚು. ಇದು ಅಲಕ್ಷಿಸುವಂಥ ವ್ಯತ್ಯಾಸವಲ್ಲ.

ಪದವಿ ತರಗತಿಗಳಲ್ಲಿ ಪರಿಚಿತವಾದ ಪ್ರಯೋಗವೊಂದನ್ನು ನೋಡೋಣ. 24.3 ಮಿಲಿಗ್ರಾಂ ಮೆಗ್ನೀಸಿಯಮನ್ನು ಆಮ್ಲದಲ್ಲಿ ಕರಗಿಸಿದರೆ ಮೋಲಿನ ಸಾವಿರದಲ್ಲೊಂದು ಪಾಲು ಜಲಜನಕ ಬರಬೇಕು. ಅದನ್ನು ನೀರಿನ ಮೇಲೆ ಸಂಗ್ರಹಿಸುವುದರಿಂದ 27°ಯಲ್ಲಿ ನೀರಾವಿಯ ಒತ್ತಡವಾದ 27 ಮಿಲಿಮೀಟರನ್ನೂ ಕಳೆಯಬೇಕು. ಜಲಜನಕದ ಪಾಲಿಗೆ ಉಳಿಯುವುದು 680. ಆಗ ನಳಿಗೆಯಲ್ಲಿ ಕಾಣಬೇಕಾದ ಗಾತ್ರ 22.4 ಮಿಲಿಲೀಟರಲ್ಲ, 27.5. ಇಂಥ ಸಂದರ್ಭದಲ್ಲಿ ತಾವು ಕಂಡ ಸರಿಯಾದ ಅಳತೆಯನ್ನು ಹೊಡೆದುಹಾಕಿ, ಪುಸ್ತಕದ ಸಂಖ್ಯೆಗೆ ಹತ್ತಿರವಾದುದನ್ನು ಬರೆದೊಪ್ಪಿಸಿದ ವಿದ್ಯಾರ್ಥಿಗಳನ್ನು ನಾವು ಕಂಡಿದ್ದೇವೆ. ಆ ದೋಷ ಅವರಿಗಿಂತ ಹೆಚ್ಚಾಗಿ ಬೋಧಕರಾದ ನಮ್ಮದು. ಸಂಖ್ಯೆಯನ್ನು ಕಲಿಸಿ, ಅದಕ್ಕೆ ಅಂಟಿಕೊಂಡಿರುವ ಉಷ್ಣತೆ ಒತ್ತಡಗಳನ್ನು ಕಲಿಸದೆ ಬಿಟ್ಟವರು ನಾವು.

ಇನ್ನೊಂದು ಎಚ್ಚರಿಕೆ ಅಗತ್ಯ. ಹವಾಮಾನ ವರದಿಗಳಲ್ಲಿ ಕಾಣುವ ಒತ್ತಡವು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಪರಿವರ್ತಿಸಿದುದಾಗಿರುತ್ತದೆ. ಅದನ್ನು ಹಾಗೆಯೇ ಲೆಕ್ಕಕ್ಕೆ ತಂದುಕೊಂಡರೆ ಎತ್ತರದಿಂದಾಗುವ ವ್ಯತ್ಯಾಸವೆಲ್ಲ ಕಣ್ಮರೆಯಾಗುತ್ತದೆ. ಪ್ರಯೋಗ ನಡೆಯುವ ಕೋಣೆಯ ವಾಯುಭಾರಮಾಪಕವನ್ನೇ ನೋಡಿ, ಆ ದಿನದ ಒತ್ತಡವನ್ನು ಉಷ್ಣತೆಯೊಡನೆ ದಾಖಲೆ ಪುಸ್ತಕದ ಮೊದಲ ಸಾಲಿನಲ್ಲಿ ಬರೆಯತಕ್ಕದ್ದು.