ತನ್ನ ದನಿಗೆ ತಾನೇ ಕಿವುಡಾಗುವ ಯಂತ್ರ

ನೆರೆ ಬಂದು ದೂರವಾಣಿ ಸಂಪರ್ಕ ಕಡಿದುಹೋದ ಊರಿನಿಂದ ಹವ್ಯಾಸಿಯೊಬ್ಬನು ತನ್ನ ಕೈರೇಡಿಯೋದಲ್ಲಿ ಸುದ್ದಿ ಕಳುಹಿಸುತ್ತಿರುವನೆಂದು ಭಾವಿಸೋಣ. ಅವನ 5 ವಾಟಿನ ತರಂಗಗಳು ಎದುರಿನ ಗುಡ್ಡವನ್ನು ದಾಟಲಾರವು. ಆದುದರಿಂದ ಗುಡ್ಡದ ನೆತ್ತಿಯಲ್ಲಿ ರಿಪೀಟರ್ ಎಂಬ ಯಂತ್ರವನ್ನು ಇರಿಸಿರುತ್ತಾರೆ. ಅದು ಒಂದು ಆವೃತ್ತಿಯಲ್ಲಿ ಕೇಳಿದ ಮಾತನ್ನು ಅದೇ ಕ್ಷಣದಲ್ಲಿ ಇನ್ನೊಂದು ಆವೃತ್ತಿಯಲ್ಲಿ ಬಲವಾಗಿ ಮರುನುಡಿಯುತ್ತದೆ.

ತೊಡಕಿರುವುದು ‘ಅದೇ ಕ್ಷಣದಲ್ಲಿ’ ಎಂಬಲ್ಲಿಯೇ. ಎರಡು ಮೀಟರ್ ಪಟ್ಟಿಯಲ್ಲಿ ಈ ಆವೃತ್ತಿಗಳ ಅಂತರ ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಮಾತ್ರ: 145.0 ಮೆಗಾಹರ್ಟ್ಸ್‌ನಲ್ಲಿ ಕೇಳಿ 145.6ರಲ್ಲಿ ನುಡಿಯಬೇಕು. ಗ್ರಾಹಕಕ್ಕೆ ದೂರದಿಂದ ದೊರೆಯುವುದು ಕೆಲವೊಮ್ಮೆ 0.2 ಮೈಕ್ರೋವೋಲ್ಟ್, ಪಕ್ಕದಲ್ಲಿಯೇ ಪ್ರೇಷಕವು 10 ವಾಟ್ ಸುರಿಸುತ್ತಿರುತ್ತದೆ. ಶಕ್ತಿಯಲ್ಲಿ ಇವುಗಳ ತಾರತಮ್ಯ ಸುಮಾರು ನೂರು ಕೋಟಿ ಕೋಟಿ ಪಾಲು! ಹವ್ಯಾಸಿಯ ದನಿ ಕೇಳಿ ಯಂತ್ರವು ಬಾಯ್ತೆರೆಯುತ್ತದೆ. ತೆರೆದೊಡನೆ ಕಿವುಡಾಗಿ ಸುಮ್ಮನಾಗುತ್ತದೆ. ಸುಮ್ಮನಾದೊಡನೆ ಮತ್ತೆ ಕೇಳುತ್ತದೆ. ನೆರೆಯ ಸುದ್ದಿ ತುಂಡುತುಂಡಾಗಿಹೋಗುತ್ತದೆ.

ಗ್ರಾಹಕದ ಮೊದಲ ಹಂತವನ್ನು ಮಂಕಾಗಿಸುವ ಬಲವಾದ ತರಂಗವನ್ನು ಗ್ರಾಹಕದ ಶೋಧಕದಿಂದ ತಡೆಯಬಹುದು. ಆದರೆ ಪ್ರೇಷಕವು ತನ್ನ ಆವೃತ್ತಿಯ ಅಕ್ಕಪಕ್ಕದಲ್ಲಿಯೂ ಕ್ಷೀಣವಾದ ಗದ್ದಲವನ್ನು ಚೆಲ್ಲುತ್ತದೆ. ಇದು ಗ್ರಾಹಕದ ಆವೃತ್ತಿಯಲ್ಲಿಯೇ ಬರುವುದರಿಂದ ಅಲ್ಲಿ ಯಾವ ಶೋಧಕವೂ ಅದನ್ನು ಬೇರ್ಪಡಿಸಲಾರದು. ಪ್ರೇಷಕದ ಕಡೆಯಲ್ಲಿಯೇ ಅಡಗಿಸಬೇಕು, ಇಲ್ಲವೇ ಏರಿಯಲ್‌ಗಳನ್ನು ದೂರವಿಡಬೇಕು.

ಎಷ್ಟು ದೂರ? 80 ಡೆಸಿಬೆಲ್, ಅಂದರೆ ಶಕ್ತಿಯು ಹತ್ತು ಕೋಟಿಯಲ್ಲೊಂದು ಪಾಲಿಗೆ ಇಳಿಯುವಷ್ಟು ಪ್ರತ್ಯೇಕತೆ ಬೇಕೆನ್ನೋಣ. ನೆಟ್ಟಗೆ ನಿಂತ ಎರಡು ಅರ್ಧತರಂಗ ಏರಿಯಲ್‌ಗಳನ್ನು ಬಯಲಿನಲ್ಲಿ ಒಂದೇ ಎತ್ತರದಲ್ಲಿಟ್ಟರೆ ಎರಡು ಕಿಲೋಮೀಟರಿಗೂ ಮಿಗಿಲಾದ ಅಂತರ ಬೇಕು. ಒಂದರ ಮೇಲೊಂದಿಟ್ಟರೆ ಸುಮಾರು 40 ಮೀಟರ್ ಸಾಕು! ಲಾಗರಿತಮ್ ಕೋಷ್ಟಕವನ್ನು ಕಂಡರೆ ಹುಬ್ಬು ಗಂಟಿಕ್ಕುವ ವಿದ್ಯಾರ್ಥಿಗಳೂ ಇದರ ಕಾರಣವನ್ನು ತಿಳಿಯಬಹುದು. ಇಂತಹ ಕಡ್ಡಿಯು ತನ್ನ ಸುತ್ತಲೂ ತರಂಗಗಳನ್ನು ಹರಡುತ್ತದೆಯೇ ಹೊರತು ತನ್ನ ಉದ್ದದ ದಿಕ್ಕಿಗೆ ಹರಡುವುದಿಲ್ಲ. ಅಲ್ಲಿ ಉಳಿಯುವುದು ಸಮೀಪದ ವಿದ್ಯುತ್‌ಕ್ಷೇತ್ರ ಮಾತ್ರ. ಅದು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ, ಅಂತರ ಇಮ್ಮಡಿಯಾದರೆ ಶಕ್ತಿ ಹದಿನಾರರಲ್ಲೊಂದು ಪಾಲಾಗುತ್ತದೆ. ಪಕ್ಕಪಕ್ಕದಲ್ಲಿಟ್ಟಾಗ ನಾಲ್ಕರಲ್ಲೊಂದು ಪಾಲಷ್ಟೆ.

ಈ ಲೆಕ್ಕ ಕಾಗದದ್ದು. ಮೇಲಿನ ಏರಿಯಲ್ ಸ್ವಲ್ಪ ಓರೆಗೆ ಸರಿದರೂ, ಗೋಪುರದ ಉಕ್ಕು ತರಂಗವನ್ನು ಚದರಿಸಿದರೂ, ಕೇಬಲ್ ಸೋರಿದರೂ ಫಲ ಕುಂದುತ್ತದೆ. ಅಷ್ಟೆತ್ತರದ ಗೋಪುರವೂ ಹವ್ಯಾಸಿಗಳ ಕೈಗೆಟುಕುವುದು ಅಪರೂಪ. ಹಾಗಾಗಿ ಅನೇಕರು ಡುಪ್ಲೆಕ್ಸರನ್ನು ಅಳವಡಿಸಿ ಒಂದೇ ಏರಿಯಲ್ಲಿನಿಂದ ಎರಡೂ ಕೆಲಸ ನಡೆಸುತ್ತಾರೆ. ಅದರ ಲೋಹದ ಕೊಳವೆಗಳೊಳಗೆ ಕಾಲು ತರಂಗದಷ್ಟು, ಅಂದರೆ ಸುಮಾರು ಅರ್ಧ ಮೀಟರ್ ಉದ್ದದ ದಂಡಗಳಿರುತ್ತವೆ. ಬಿಸಿಲಿಗೆ ಲೋಹ ಹಿಗ್ಗಿದರೆ ಇವುಗಳ ಶ್ರುತಿ ಕದಲುತ್ತದೆ. ಅದಕ್ಕಾಗಿ ಶ್ರುತಿಗೊಳಿಸುವ ಸರಳನ್ನು ಇನ್ವಾರ್ ಎಂಬ ಮಿಶ್ರಲೋಹದಿಂದ ಮಾಡುವುದುಂಟು.