ಕೇಳುವ ಆಂಟೆನಾಕ್ಕೆ ಇಬ್ಬನಿಯ ಕಾಟ

1921ರ ಡಿಸೆಂಬರ್‌ನಲ್ಲಿ ಅಮೆರಿಕದ ಪಾಲ್ ಗಾಡ್ಲಿ ಎಂಬ ರೇಡಿಯೊ ಹವ್ಯಾಸಿ ಸ್ಕಾಟ್ಲೆಂಡಿನ ಆರ್ಡ್ರೊಸನ್ ಕಡಲತೀರದಲ್ಲಿ ಡೇರೆ ಹಾಕಿ ಕುಳಿತರು. ಅಟ್ಲಾಂಟಿಕ್‌ನ ಆಚೆಯಿಂದ ತಮ್ಮ ದೇಶದ ಹವ್ಯಾಸಿಗಳು ಸುಮಾರು 230 ಮೀಟರ್ ತರಂಗದಲ್ಲಿ ಕಳಿಸುತ್ತಿದ್ದ ಮೋರ್ಸ್ ಸಂಕೇತಗಳು ಅವರ ಕಿವಿಗೆ ಬಿದ್ದವು. ಅವರು ಬಳಸಿದ್ದು ಗೋಪುರವನ್ನಲ್ಲ. ಗಿಡ್ಡ ಕಂಬಗಳ ಮೇಲೆ ಎಳೆದ ಸುಮಾರು 1300 ಅಡಿ ಉದ್ದದ ಒಂದು ತಂತಿಯನ್ನು. ಅದರ ದೂರದ ತುದಿ ಒಂದು ರೆಸಿಸ್ಟರ್ ಮೂಲಕ ನೆಲಕ್ಕೆ ಸೇರಿತ್ತು. ಹೆರಾಲ್ಡ್ ಬೆವರೇಜ್ ರೂಪಿಸಿದ ಈ ಆಂಟೆನಾ ಪ್ರಸಾರಕ್ಕೆ ತೀರಾ ಕಳಪೆ. ಅದಕ್ಕೆ ಶಕ್ತಿ ತುಂಬಿದರೆ ಬಹುಪಾಲು ನೆಲವನ್ನೂ ರೆಸಿಸ್ಟರನ್ನೂ ಬಿಸಿಮಾಡಲು ಹೋಗುತ್ತದೆ. ಕೇಳುವುದಕ್ಕೆ ಮಾತ್ರ ಅದರ ಸಮಕ್ಕೆ ನಿಲ್ಲುವವು ಇವತ್ತಿಗೂ ಕಡಿಮೆ. ಕಳಿಸುವ ಆಂಟೆನಾ ಬೇರೆ, ಕೇಳುವ ಆಂಟೆನಾ ಬೇರೆ ಎಂಬ ಈ ತಿಳಿವಳಿಕೆ ನೂರು ವರ್ಷ ಹಳೆಯದು. ಆದರೆ ಅದರಿಂದಲೇ ಹುಟ್ಟುವ ಇನ್ನೊಂದು ಮಾತನ್ನು ಹವ್ಯಾಸಿಗಳು ಅಷ್ಟಾಗಿ ಗಮನಿಸುವುದಿಲ್ಲ: ಕೇಳುವ ಆಂಟೆನಾದಲ್ಲಿ ನೀರು ತಡೆಯುವ ಡಬ್ಬಿ, ಟೇಪು, ಅಂಟು ಇವೆಲ್ಲ ಕೊನೆಗೆ ಹಚ್ಚುವ ರಕ್ಷಣೆಯಲ್ಲ, ಸರ್ಕ್ಯೂಟಿನದೇ ಭಾಗ.

ಯಾಕೆ ಎನ್ನುವುದಕ್ಕೆ ಗದ್ದಲದ ಲೆಕ್ಕ ನೋಡಬೇಕು. ಇಂಥ ಆಂಟೆನಾ ಬೇಕಾಗುವುದು ‘ಲೋ ಬ್ಯಾಂಡ್’ನಲ್ಲಿ. ಹ್ಯಾಮ್‌ಗಳು, ಅಂದರೆ ರೇಡಿಯೊ ಹವ್ಯಾಸಿಗಳು, ಹಾಗೆನ್ನುವುದು ಮುಖ್ಯವಾಗಿ 160 ಮತ್ತು 80 ಮೀಟರ್ ಬ್ಯಾಂಡುಗಳನ್ನು, ಅಂದರೆ ಸುಮಾರು 1.8 ಮತ್ತು 3.5 ಮೆಗಾಹರ್ಟ್ಸ್ ಆವರ್ತನಗಳನ್ನು. ಮೊದಲನೆಯದರಲ್ಲಿ ಸಾಧಾರಣ ವಸತಿ ಬಡಾವಣೆಯೊಂದರ ವಿದ್ಯುತ್ ಗದ್ದಲ, ಕೋಣೆಯ ಉಷ್ಣತೆಯಲ್ಲಿ ಯಾವುದೇ ರೆಸಿಸ್ಟರ್ ಹೊಮ್ಮಿಸುವ ಸಹಜ ಗದ್ದಲಕ್ಕಿಂತ ಸುಮಾರು 65 ಡೆಸಿಬಲ್ ಹೆಚ್ಚು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸೂತ್ರ ಹೇಳುತ್ತದೆ. ಅಂದರೆ 30 ಲಕ್ಷ ಪಟ್ಟಿಗೂ ಜಾಸ್ತಿ. ಇಂಥಲ್ಲಿ ಆಂಟೆನಾ ಬಂದ ಶಕ್ತಿಯಲ್ಲಿ ಸಾವಿರದಲ್ಲಿ ಒಂದು ಪಾಲನ್ನಷ್ಟೇ ಹಿಡಿದರೂ ರಿಸೀವರಿಗೆ ಕೊರತೆಯಾಗದು. ಸಂಕೇತದ ಜೊತೆಗೆ ಗದ್ದಲವೂ ಅಷ್ಟೇ ಕುಗ್ಗಿರುತ್ತದೆ. ನಮ್ಮ ಗೌರಿಬಿದನೂರಿನಲ್ಲಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಿದ ರೇಡಿಯೊ ದೂರದರ್ಶಕವೂ ಸರಳವಾದ 1000 ಡೈಪೋಲ್‌ಗಳಿಂದ ಕೂಡಿದ್ದು. ಆ ಆವರ್ತನದಲ್ಲಿ ಆಕಾಶಗಂಗೆಯ ಗದ್ದಲವೇ ಜೋರಾದ್ದರಿಂದ ರಿಸೀವರನ್ನು ತಣ್ಣಗಾಗಿಸುವ ದುಬಾರಿ ಏರ್ಪಾಡು ಬೇಕಾಗಲಿಲ್ಲ. ಹೀಗೆ ಬಲ ಮುಖ್ಯವಲ್ಲದಾಗ ಉಳಿಯುವ ಗುಣ ಒಂದೇ, ದಿಕ್ಕಿನ ವಿವೇಚನೆ. ಬೇಕಾದ ಕಡೆಗೆ ಕಿವಿಗೊಟ್ಟು ಬೇಡದ ಕಡೆಗೆ ಕಿವುಡಾಗುವ ಆಂಟೆನಾವೇ ಒಳ್ಳೆಯ ಆಂಟೆನಾ.

ಬೆವರೇಜ್ ತಂತಿಗೆ ತೋಟವಿಡೀ ಬೇಕು. ನಿವೇಶನದಲ್ಲಿ ಮನೆ ಕಟ್ಟಿಕೊಂಡವರಿಗೆ ‘ಫ್ಲ್ಯಾಗ್’ ಎಂಬ ಚೌಕಟ್ಟು ಸಾಕು: ಸುಮಾರು 29 ಅಡಿ ಉದ್ದ, 14 ಅಡಿ ಎತ್ತರದ ಆಯತಾಕಾರದ ತಂತಿ, ಒಂದು ಬದಿಯ ನಡುವೆ 950 ಓಮ್ ಆಸುಪಾಸಿನ ರೆಸಿಸ್ಟರ್, ಎದುರು ಬದಿಯ ನಡುವೆ ಫೆರೈಟ್ ತಿರುಳಿನ ಪುಟ್ಟ ಟ್ರಾನ್ಸ್‌ಫಾರ್ಮರ್, ಅಲ್ಲಿಂದ ಕೋಆಕ್ಸ್ ಕೇಬಲ್. ಈ ಚೌಕಟ್ಟು ಏಕಕಾಲಕ್ಕೆ ಎರಡು ಕೆಲಸ ಮಾಡುತ್ತದೆ. ಲೂಪ್ ಆಗಿ ತರಂಗದ ಕಾಂತಕ್ಷೇತ್ರವನ್ನೂ, ನೆಟ್ಟನೆಯ ತಂತಿಯಾಗಿ ವಿದ್ಯುತ್‌ಕ್ಷೇತ್ರವನ್ನೂ ಹಿಡಿಯುತ್ತದೆ. ಮುಂದಿನಿಂದ ಬಂದ ಸಂಕೇತಕ್ಕೆ ಎರಡೂ ಕೂಡುತ್ತವೆ, ಹಿಂದಿನಿಂದ ಬಂದದ್ದಕ್ಕೆ ಒಂದರಿಂದ ಇನ್ನೊಂದು ಕಳೆಯುತ್ತದೆ. ಎರಡೂ ಸರಿಸಮವಾಗುವಂತೆ ನೋಡಿಕೊಳ್ಳುವುದೇ ರೆಸಿಸ್ಟರಿನ ಕೆಲಸ. ಮುಂದೆ 1ಕ್ಕೆ 1 ಕೂಡಿ 2, ಹಿಂದೆ 1ರಿಂದ 1 ಕಳೆದು ಸೊನ್ನೆ. ಸಮತೋಲ ಶೇ 1ರಷ್ಟು ತಪ್ಪಿದರೆ ಹಿಂದೆ 0.01 ಉಳಿಯುತ್ತದೆ, ಮುಂದಿನ ಶಕ್ತಿಗೂ ಹಿಂದಿನ ಶಕ್ತಿಗೂ ಇರುವ ಅಂತರ 40,000 ಪಟ್ಟು. ಶೇ 10ರಷ್ಟು ತಪ್ಪಿದರೆ ಅದೇ ಅಂತರ 400 ಪಟ್ಟಿಗೆ ಕುಸಿಯುತ್ತದೆ. ಈಗ ನೀರಿನ ಕತೆಗೆ ಬನ್ನಿ. ರೆಸಿಸ್ಟರ್ ಕೂತ ಡಬ್ಬಿಯೊಳಗೆ ಧೂಳು ಹಿಡಿದ ಪ್ಲಾಸ್ಟಿಕ್ ಮೇಲೆ ತೇವದ ಪೊರೆಯೊಂದು ಹರಡಿ, ಅದರ ಮೂಲಕ 10,000 ಓಮ್‌ನ ಸೋರಿಕೆ ದಾರಿ ಏರ್ಪಟ್ಟಿತು ಅನ್ನಿ. 950 ಓಮ್ ಹೋಗಿ ಸುಮಾರು 868 ಆಗುತ್ತದೆ. ಶೇ 9ರಷ್ಟು ವ್ಯತ್ಯಾಸ! ತಂತಿ ತುಂಡಾಗಿಲ್ಲ, ಜಾಯಿಂಟ್ ಬಿಟ್ಟಿಲ್ಲ, ರಿಸೀವರಿನಲ್ಲಿ ಎಂದಿನ ಭೋರೆಂಬ ಸದ್ದು ಇದ್ದೇ ಇದೆ. ಪ್ರಸಾರದ ಆಂಟೆನಾಕ್ಕೆ ನೀರು ಹೊಕ್ಕರೆ ಮೀಟರಿನ ಮುಳ್ಳು ಕೂಡಲೇ ದೂರು ಹೇಳುತ್ತದೆ. ಕೇಳುವ ಆಂಟೆನಾ ಹಾಗಲ್ಲ, ಸದ್ದಿಲ್ಲದೆ ಕೆಡುತ್ತದೆ.

ಮಳೆಗಾಲದಲ್ಲಿ ಇಳಿಸಿಟ್ಟು ನವೆಂಬರಿನಲ್ಲಿ ಏರಿಸಿದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಮಾತಿನಲ್ಲಿ ಹುರುಳಿದೆ, ಗುಡುಗಿನ ಕಾಲದಲ್ಲಿ ಲೋ ಬ್ಯಾಂಡಿನಲ್ಲಿ ಹೇಗೂ ಚಟಪಟ ಸದ್ದೇ ಹೆಚ್ಚು. ಆದರೆ ಡಬ್ಬಿಯ ನಿಜವಾದ ಶತ್ರು ಮಳೆಯಲ್ಲ, ಇಬ್ಬನಿ. ದೂರದ ನಿಲ್ದಾಣಗಳು ಕೇಳಿಸುವುದು ಚಳಿಗಾಲದ ರಾತ್ರಿಗಳಲ್ಲಿ, ಅದರಲ್ಲೂ ನಸುಕಿನಲ್ಲಿ. ಇಬ್ಬನಿ ಕಟ್ಟುವುದೂ ಆ ಹೊತ್ತಿಗೇ. ಆಂಟೆನಾ ಅತ್ಯಂತ ಒದ್ದೆಯಾಗಿರುವ ಹೊತ್ತಿನಲ್ಲೇ ನಾವು ಅದರಿಂದ ಅತ್ಯಂತ ನಾಜೂಕಾದ ಕೆಲಸ ಕೇಳುತ್ತೇವೆ.

ಹಾಗಾದರೆ ಗಾಳಿಯೂ ನುಸುಳದಂತೆ ಡಬ್ಬಿಯನ್ನು ಮುಚ್ಚೋಣ ಎಂದರೆ ಅದು ಇನ್ನೂ ದೊಡ್ಡ ಎಡವಟ್ಟು. ಬಿಸಿಲಿಗೆ 55 ಡಿಗ್ರಿಗೆ ಕಾದ ಡಬ್ಬಿ ರಾತ್ರಿ 25 ಡಿಗ್ರಿಗೆ ಇಳಿದರೆ ಒಳಗಿನ ಗಾಳಿಯ ಒತ್ತಡ ಸುಮಾರು ಶೇ 9ರಷ್ಟು ಇಳಿಯುತ್ತದೆ. ಅದು ಸುಮಾರು 90 ಸೆಂಟಿಮೀಟರ್ ಎತ್ತರಕ್ಕೆ ನೀರನ್ನು ಹೀರಬಲ್ಲ ಸೆಳೆತ. ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಅಲ್ಲಿ ನಿಂತ ಹನಿ ಒಳಗೆ ಬರುತ್ತದೆ. ಮರುದಿನದ ಬಿಸಿಲಿಗೆ ಗಾಳಿ ಹೊರಹೋದರೂ ನೀರು ಅಲ್ಲೇ ಉಳಿಯುತ್ತದೆ. ಹೀಗಾಗಿ ಡಬ್ಬಿಯ ತಳದಲ್ಲಿ ಮೂರು ನಾಲ್ಕು ಮಿಲಿಮೀಟರಿನ ತೂತು ಇರಲೇಬೇಕು, ಇರುವೆಗಳು ಸಂಸಾರ ಹೂಡದಂತೆ ಅದಕ್ಕೆ ಸಣ್ಣ ಜಾಲರಿಯೂ. ಕನೆಕ್ಟರುಗಳೆಲ್ಲ ತಳದಿಂದಲೇ ಹೊರಬರಲಿ. ಕೇಬಲ್ ಡಬ್ಬಿಗೆ ಸೇರುವ ಮುನ್ನ ಒಮ್ಮೆ ಕೆಳಗೆ ಜೋತು ಮೇಲೇರಲಿ, ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಕನೆಕ್ಟರಿಗೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಅದರ ಮೇಲೆ ಬಿಸಿಲು ತಾಳುವ ಕಪ್ಪು ಪಿವಿಸಿ ಟೇಪು ಸುತ್ತಬೇಕು. ಕೊನೆಯ ಸುತ್ತು ಕೆಳಗಿನಿಂದ ಮೇಲಕ್ಕೆ ಬಂದರೆ ಮಂಗಳೂರು ಹೆಂಚಿನ ಹಾಗೆ ಮೇಲಿನ ಪದರದ ಅಂಚು ಕೆಳಗಿನದನ್ನು ಮುಚ್ಚುತ್ತದೆ. ಸಿಲಿಕೋನ್ ಅಂಟು ಕೊಳ್ಳುವಾಗ ಎಚ್ಚರ. ವಿನೆಗರ್ ವಾಸನೆ ಬರುವ ಬಗೆ ಒಣಗುವಾಗ ಅಸಿಟಿಕ್ ಆಮ್ಲ ಬಿಟ್ಟು ತಾಮ್ರವನ್ನೇ ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದದ್ದನ್ನೇ ಕೇಳಿ ಪಡೆಯಿರಿ. ಡಬ್ಬಿಯ ತುಂಬ ಎಪಾಕ್ಸಿ ಸುರಿಯುವ ಉಪಾಯ ನನಗೆ ಒಪ್ಪಿಗೆಯಿಲ್ಲ. ಗಟ್ಟಿಯಾದ ಎಪಾಕ್ಸಿ ಬಿಸಿಗೂ ಚಳಿಗೂ ಹಿಗ್ಗಿ ಕುಗ್ಗುತ್ತ ಪೆಡಸಾದ ಫೆರೈಟನ್ನು ಹಿಂಡುತ್ತದೆ, ಆಮೇಲೆ ರಿಪೇರಿಯ ಮಾತೇ ಇಲ್ಲ.

ಬಲವಾದ ಆಕ್ಷೇಪ ಇನ್ನೊಂದಿದೆ. ಸಾವಿರ ಪಟ್ಟು ನಷ್ಟವಾದರೂ ಚಿಂತೆಯಿಲ್ಲ ಎಂದ ಮೇಲೆ, ಕೇಬಲ್ಲಿಗೆ ನೀರಿಳಿದು ಅರ್ಧದಷ್ಟು ಸಂಕೇತ ಹೋದರೆ ತಲೆ ಯಾಕೆ ಕೆಡಿಸಿಕೊಳ್ಳಬೇಕು? ನಷ್ಟದ ಮಟ್ಟಿಗೆ ಈ ಮಾತು ನಿಜ. ಆದರೆ ನೀರು ಬರೀ ನಷ್ಟ ತರುವುದಿಲ್ಲ. ಕೇಬಲ್ಲಿನ ಹೊರ ಹೆಣಿಗೆ ಕಪ್ಪಾಗಿ ಕಿಲುಬು ಹಿಡಿದರೆ ತಡೆಗೋಡೆಯ ಗುಣ ಕಳೆದುಕೊಂಡು, ಮನೆಯ ಎಲ್‌ಇಡಿ ದೀಪಗಳ ಮತ್ತು ಚಾರ್ಜರುಗಳ ಗದ್ದಲವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಇದಕ್ಕಿಂತ ಕೆಟ್ಟದ್ದು ತುಕ್ಕು ಹಿಡಿದ ಜಾಯಿಂಟ್. ಲೋಹಕ್ಕೂ ಲೋಹಕ್ಕೂ ನಡುವಿನ ಆಕ್ಸೈಡ್ ಪೊರೆ ಒರಟು ಡಯೋಡಿನಂತೆ ವರ್ತಿಸುತ್ತದೆ. ಜಗದೀಶಚಂದ್ರ ಬೋಸರು ಗೆಲೀನಾ ಹರಳಿನಿಂದ ಬೇಕೆಂದೇ ಪಡೆದ ಗುಣ ಇಲ್ಲಿ ಕರೆಯದೆ ಬಂದು ಕೂರುತ್ತದೆ. ಡಯೋಡ್ ಇದ್ದಲ್ಲಿ ಹೊಸ ಆವರ್ತನಗಳು ಹುಟ್ಟುತ್ತವೆ. ಬೆಂಗಳೂರು ಆಕಾಶವಾಣಿಯ ಮಧ್ಯಮತರಂಗದ ಆವರ್ತನ 612 ಕಿಲೋಹರ್ಟ್ಸ್. ಅದರ ಮೂರು ಪಟ್ಟು 1836, ಸರಿಯಾಗಿ 160 ಮೀಟರ್ ಬ್ಯಾಂಡಿನೊಳಗೆ. ಪ್ರಸಾರದವರ ತಪ್ಪು ಎಳ್ಳಷ್ಟೂ ಇಲ್ಲದಿದ್ದರೂ ನಮ್ಮದೇ ಕೊಳೆತ ಜಾಯಿಂಟ್ ಅಲ್ಲೊಂದು ಸುಳ್ಳು ನಿಲ್ದಾಣವನ್ನು ಎಬ್ಬಿಸಬಲ್ಲದು. ಅಲ್ಯೂಮಿನಿಯಮ್ಮಿಗೆ ತಾಮ್ರವನ್ನು ನೇರವಾಗಿ ಬಿಗಿಯಬಾರದು, ಕರಾವಳಿಯ ಉಪ್ಪುಗಾಳಿಯಲ್ಲಂತೂ ಬೆಸುಗೆ ಹಾಕದ ಜಾಯಿಂಟೇ ಬೇಡ ಎನ್ನುವುದು ಇದಕ್ಕೇ.

ನೆಲದ ತೇವವೇ ಋತುವಿನಿಂದ ಋತುವಿಗೆ ಬದಲಾಗುವಾಗ ಡಬ್ಬಿಯೊಳಗಿನ ಶೇ 9 ಯಾವ ಲೆಕ್ಕ ಎಂದೂ ವಾದಿಸಬಹುದು. ಭೂಸಂಪರ್ಕ ಬೇಡುವ ಬೆವರೇಜ್‌ನಂಥ ಆಂಟೆನಾಗಳಿಗೆ ಇದು ಅನ್ವಯಿಸುತ್ತದೆ. ಜಂಬಿಟ್ಟಿಗೆ ಮಣ್ಣು ಜುಲೈನಲ್ಲಿ ಇದ್ದಂತೆ ಫೆಬ್ರವರಿಯಲ್ಲಿ ಇರುವುದಿಲ್ಲ. ನಾನು ಫ್ಲ್ಯಾಗ್ ಪರ ವಾದಿಸುವುದಕ್ಕೆ ಜಾಗದ ಉಳಿತಾಯಕ್ಕಿಂತ ಮುಖ್ಯ ಕಾರಣ ಇದೇ: ಅದು ನೆಲದ ಸಂಪರ್ಕವನ್ನು ಬೇಡುವುದಿಲ್ಲ, ಆದ್ದರಿಂದ ಅದರ ಸಮತೋಲ ಬಹುಮಟ್ಟಿಗೆ ಕಟ್ಟುವವರ ಕೈಯಲ್ಲೇ ಇರುತ್ತದೆ.

ಪರೀಕ್ಷೆಗೆ ದುಬಾರಿ ಉಪಕರಣ ಬೇಕಿಲ್ಲ. ಟ್ರಾನ್ಸ್‌ಫಾರ್ಮರ್ ಬಿಚ್ಚಿ, ತಂತಿಯ ಎರಡು ತುದಿಗಳಿಗೆ ಮಲ್ಟಿಮೀಟರ್ ಹಿಡಿದು ಒಣ ಮಧ್ಯಾಹ್ನದ ಓಮ್ ಓದನ್ನು ಬರೆದಿಟ್ಟುಕೊಳ್ಳಿ. ಇಬ್ಬನಿ ಬಿದ್ದ ದಿನ ಬೆಳಗ್ಗೆ ಐದಕ್ಕೆ ಮತ್ತೊಮ್ಮೆ ಅಳೆಯಿರಿ, ಮೀಟರಿನ ಕಡ್ಡಿಗಳನ್ನು ಅದಲುಬದಲು ಮಾಡಿಯೂ ನೋಡಿ. ಓದು ಕೆಳಗಿಳಿದಿದ್ದರೆ ಡಬ್ಬಿಯಲ್ಲಿ ತೇವವಿದೆ. ಕಡ್ಡಿ ಬದಲಿಸಿದಾಗ ಓದೂ ಬದಲಾದರೆ ಎಲ್ಲೋ ಒಂದು ಜಾಯಿಂಟ್ ಕಿಲುಬು ಹಿಡಿದಿದೆ, ಅದನ್ನು ಕತ್ತರಿಸಿ ಹೊಸದಾಗಿ ಬೆಸೆಯಿರಿ.